ಖಿನ್ನತೆಯ ಚಿಕಿತ್ಸೆಯಾಗಿ ವ್ಯಾಯಾಮ: ಮನೆಯಿಂದಲೇ ಆರಂಭಿಸಬಹುದಾದ ಹನ್ನೆರಡು ವಾರಗಳ ಕ್ರಮ

ಖಿನ್ನತೆಯಿಂದ ಬಳಲುವವರಿಗೆ ನಮ್ಮ ಮನೆಗಳಲ್ಲಿ ಮೊಟ್ಟಮೊದಲು ಸಿಗುವ ಸಲಹೆ, ‘ಹೀಗೆ ಮಂಕಾಗಿ ಕೂತಿರಬೇಡ, ಎದ್ದು ಒಂದು ರೌಂಡ್ ವಾಕಿಂಗ್ ಹೋಗಿ ಬಾ’ ಎಂಬುದು. ಸಲಹೆಯಲ್ಲಿ ಹುರುಳಿದೆ. ಆದರೆ ಹಾಸಿಗೆ ಬಿಟ್ಟು ಏಳುವುದೇ ದೊಡ್ಡ ಕೆಲಸವಾಗಿರುವವರಿಗೆ ಅದು ಇನ್ನೊಂದು ಆಪಾದನೆಯಂತೆ ಕೇಳಿಸುತ್ತದೆ, ಅಷ್ಟೆ. ಬ್ರಿಟನ್ನಿನಲ್ಲಿ ಖಿನ್ನತೆಯಿದ್ದ 361 ಮಂದಿಯನ್ನು ಒಳಗೊಂಡು ನಡೆದು, 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅರ್ಧದಷ್ಟು ಜನರಿಗೆ ಮಾಮೂಲಿ ಚಿಕಿತ್ಸೆಯ ಜೊತೆಗೆ ‘ಚಟುವಟಿಕೆ ಹೆಚ್ಚಿಸಿಕೊಳ್ಳಿ’ ಎಂಬ ಸಲಹೆಯನ್ನೂ ಪ್ರೋತ್ಸಾಹವನ್ನೂ ಮುಖತಃ ಹಾಗೂ ಫೋನಿನ ಮೂಲಕ ತಿಂಗಳುಗಟ್ಟಲೆ ಕೊಡಲಾಯಿತು. ಏನು ಮಾಡಬೇಕು, ಎಷ್ಟು ಮಾಡಬೇಕು ಎಂಬುದನ್ನು ಅವರವರ ಇಷ್ಟಕ್ಕೇ ಬಿಡಲಾಗಿತ್ತು. ತಮ್ಮ ಓಡಾಟ ಹೆಚ್ಚಿದೆ ಎಂದು ಅವರು ಹೇಳಿಕೊಂಡರಾದರೂ, ಖಿನ್ನತೆಯ ಮಟ್ಟದಲ್ಲಿ ಉಳಿದವರಿಗೂ ಅವರಿಗೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಇದಕ್ಕೆ ಹೋಲಿಸಿದರೆ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಬ್ಲೂಮೆಂಥಾಲ್ ಮತ್ತು ಸಂಗಡಿಗರು ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದ ಫಲಿತಾಂಶ ಬೇರೆಯೇ ಆಗಿತ್ತು. 50 ವರ್ಷ ದಾಟಿದ 156 ಮಂದಿಯಲ್ಲಿ ಒಂದು ಗುಂಪಿಗೆ ಖಿನ್ನತೆಗೆ ಕೊಡುವ ಸರ್ಟ್ರಾಲಿನ್ ಮಾತ್ರೆ, ಒಂದು ಗುಂಪಿಗೆ ವ್ಯಾಯಾಮ, ಮತ್ತೊಂದು ಗುಂಪಿಗೆ ಎರಡೂ ಕೊಡಲಾಯಿತು. ವ್ಯಾಯಾಮವೆಂದರೆ ವಾರಕ್ಕೆ ಮೂರು ದಿನ, ಮೇಲ್ವಿಚಾರಕರ ಎದುರಿನಲ್ಲಿ, 30 ನಿಮಿಷಗಳ ಬಿರುಸು ನಡಿಗೆ ಅಥವಾ ನಿಧಾನದ ಓಟ. ಅದರ ಹಿಂದೆ ಮುಂದೆ ಮೈ ಸಡಿಲಿಸುವುದಕ್ಕೆ ಒಂದಿಷ್ಟು ಹೊತ್ತು. ಮೊದಲ ಕೆಲವು ವಾರಗಳಲ್ಲಿ ಮಾತ್ರೆಯವರೇ ಬೇಗ ಚೇತರಿಸಿಕೊಂಡರು. 16 ವಾರಗಳ ಕೊನೆಗೆ ಮೂರೂ ಗುಂಪುಗಳು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದಿದ್ದವು.

ಈ ಎರಡು ಅಧ್ಯಯನಗಳ ನಡುವಿನ ಅಂತರವೇ ಈ ಲೇಖನದ ವಿಷಯ. ಇಂತಿಷ್ಟು ಪ್ರಮಾಣ, ಇಂಥ ಹೊತ್ತು, ಇಂತಿಷ್ಟು ವಾರ, ಜೊತೆಗೊಬ್ಬರು ಎಂದು ಏರ್ಪಾಡು ಮಾಡಿಕೊಂಡಾಗ ವ್ಯಾಯಾಮವು ಖಿನ್ನತೆಯ ಮೇಲೆ ಕೆಲಸ ಮಾಡುವ ಸಾಧ್ಯತೆ ಹೆಚ್ಚು ಎಂಬುದು ನನ್ನ ತಿಳಿವಳಿಕೆ. ಅತಿಯಾದ ಭರವಸೆಯೂ ಬೇಡ. 2024ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ, 218 ಅಧ್ಯಯನಗಳನ್ನೂ 14,170 ಮಂದಿಯನ್ನೂ ಒಳಗೊಂಡ ವಿಶ್ಲೇಷಣೆಯಲ್ಲಿ ನಡಿಗೆ ಅಥವಾ ಜಾಗಿಂಗ್, ಯೋಗ ಮತ್ತು ಸ್ನಾಯುಬಲದ ವ್ಯಾಯಾಮಗಳು ಒಳ್ಳೆಯ ಪರಿಣಾಮ ತೋರಿದವು. ಆದರೆ ಈ ಪುರಾವೆ ಇನ್ನೂ ಗಟ್ಟಿಯಾಗಬೇಕು ಎಂದು ಸಂಶೋಧಕರೇ ಒಪ್ಪಿಕೊಂಡಿದ್ದಾರೆ.

ಇದು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ‘ಎಂಡಾರ್ಫಿನ್ (ದೇಹವೇ ತಯಾರಿಸುವ, ನೋವು ತಗ್ಗಿಸುವ ರಾಸಾಯನಿಕ) ಹೆಚ್ಚುತ್ತದೆ’ ಎಂಬ ವಿವರಣೆಯನ್ನು ಎಲ್ಲರೂ ಕೇಳಿರುತ್ತಾರೆ. ರಕ್ತದಲ್ಲಿ ಹೆಚ್ಚುವ ಎಂಡಾರ್ಫಿನ್ ಮಿದುಳನ್ನು ಅಷ್ಟು ಸುಲಭವಾಗಿ ಪ್ರವೇಶಿಸಲಾರದು, ಹಾಗಾಗಿ ಆ ವಿವರಣೆ ಸಾಲದು. ನರಕೋಶಗಳನ್ನು ಪೋಷಿಸುವ ಬಿಡಿಎನ್‌ಎಫ್ ಎಂಬ ಪ್ರೋಟೀನು, ಒತ್ತಡದ ಹಾರ್ಮೋನಾದ ಕಾರ್ಟಿಸಾಲ್, ದೇಹದ ಉರಿಯೂತ, ನಿದ್ರೆಯ ಗುಣಮಟ್ಟ ಇವೆಲ್ಲದರ ಮೇಲೂ ವ್ಯಾಯಾಮದ ಪ್ರಭಾವವಿದೆ. ‘ಇವತ್ತು ಒಂದು ಕೆಲಸ ಮುಗಿಸಿದೆ’ ಎಂಬ ಸಣ್ಣ ಸಮಾಧಾನದ ಪಾಲೂ ಇದರಲ್ಲಿ ಕಡಿಮೆಯೇನಲ್ಲ.

ಹೆಜ್ಜೆ 1: ಇದು ಖಿನ್ನತೆಯೇ, ಎಷ್ಟು ತೀವ್ರ ಎಂದು ತಿಳಿದುಕೊಳ್ಳಿ

ಬೇಸರವೆಲ್ಲ ಖಿನ್ನತೆಯಲ್ಲ. ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ, ದಿನದ ಬಹುಪಾಲು ಹೊತ್ತು ಮನಸ್ಸು ಕುಗ್ಗಿರುವುದು ಅಥವಾ ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಇದರ ಮುಖ್ಯ ಲಕ್ಷಣ. ನಿದ್ರೆ ಮತ್ತು ಹಸಿವಿನಲ್ಲಿ ಏರುಪೇರು, ಸುಸ್ತು, ಏಕಾಗ್ರತೆಯ ಕೊರತೆ, ತಾನು ಯಾತಕ್ಕೂ ಬಾರದವನು ಅಥವಾ ಬಾರದವಳು ಎಂಬ ಭಾವನೆ, ಸಾವಿನ ಯೋಚನೆ ಇವು ಅದರ ಜೊತೆ ಸೇರಿಕೊಳ್ಳುತ್ತವೆ. ನಮ್ಮಲ್ಲಿ ಅನೇಕರು, ಅದರಲ್ಲೂ ಹಿರಿಯರು, ‘ಬೇಸರ’ ಎನ್ನುವುದಕ್ಕಿಂತ ‘ಮೈಕೈ ನೋವು’, ‘ತಲೆಭಾರ’, ‘ಎದೆಯಲ್ಲಿ ಏನೋ ಒತ್ತಿದಂತೆ’ ಎಂದೇ ವೈದ್ಯರ ಬಳಿ ಹೇಳಿಕೊಳ್ಳುತ್ತಾರೆ ಎಂಬುದು ನೆನಪಿನಲ್ಲಿರಲಿ.

ವೈದ್ಯರು ಬಳಸುವ ಪಿಎಚ್‌ಕ್ಯು-9 ಎಂಬ ಪ್ರಶ್ನಾವಳಿಯಲ್ಲಿ ಒಂಬತ್ತು ಪ್ರಶ್ನೆಗಳಿದ್ದು, ಒಟ್ಟು ಅಂಕ 0ಯಿಂದ 27ರವರೆಗೆ ಇರುತ್ತದೆ. 5ರಿಂದ 9 ಸೌಮ್ಯ, 10ರಿಂದ 14 ಮಧ್ಯಮ, 15ರಿಂದ 19 ಮಧ್ಯಮಕ್ಕಿಂತ ಹೆಚ್ಚು, 20 ಮತ್ತು ಅದರ ಮೇಲೆ ತೀವ್ರ. ಸೌಮ್ಯ ಮತ್ತು ಮಧ್ಯಮ ಹಂತದಲ್ಲಿ ವ್ಯಾಯಾಮವನ್ನೇ ಮುಖ್ಯ ಚಿಕಿತ್ಸೆಗಳಲ್ಲೊಂದಾಗಿ ಆರಿಸಿಕೊಳ್ಳಬಹುದು. ಬ್ರಿಟನ್ನಿನಲ್ಲಿ ವೈದ್ಯರಿಗೆ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿಯು ಕಡಿಮೆ ತೀವ್ರತೆಯ ಖಿನ್ನತೆಗೆ ಸಾಮೂಹಿಕ ವ್ಯಾಯಾಮವನ್ನು ಚಿಕಿತ್ಸೆಯ ಪಟ್ಟಿಯಲ್ಲೇ ಸೇರಿಸಿದೆ. ತೀವ್ರ ಹಂತದಲ್ಲಿ ಮಾತ್ರೆ ಹಾಗೂ ಮನೋಚಿಕಿತ್ಸೆಯೇ ಮುಂದೆ, ವ್ಯಾಯಾಮ ಅದರ ಬೆನ್ನಿಗೆ. ಊಟ ಬಿಟ್ಟಿರುವವರನ್ನು, ಮಾತು ನಿಂತಿರುವವರನ್ನು, ಯಾರೋ ತನ್ನನ್ನು ದೂಷಿಸುವ ದನಿ ಕೇಳಿಸುತ್ತಿದೆ ಎನ್ನುವವರನ್ನು ವಾಕಿಂಗ್‌ಗೆ ಎಳೆದೊಯ್ಯುವುದು ಚಿಕಿತ್ಸೆಯನ್ನು ತಡಮಾಡಿದಂತೆ. ಬದುಕುವುದು ಬೇಡ ಎಂಬ ಯೋಚನೆ ಬರುತ್ತಿದ್ದರೆ ಅಂಕ ಎಷ್ಟೇ ಇರಲಿ, ಆ ದಿನವೇ ವೈದ್ಯರ ಜೊತೆ ಮಾತನಾಡಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿ ಮಾತನಾಡಬಹುದು. ಅಪಾಯ ಕಣ್ಣೆದುರಿಗೇ ಇದೆ ಎನಿಸಿದರೆ ಅವರನ್ನು ಒಬ್ಬರೇ ಬಿಡದೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಬೇಕು.

ಮನೋವೈದ್ಯರೆಂದರೆ ಬೆಂಗಳೂರಿನ ನಿಮ್ಹಾನ್ಸ್ ಒಂದೇ ಎಂದು ದೂರದ ಜಿಲ್ಲೆಗಳವರು ಕೈಚೆಲ್ಲಬೇಕಾಗಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂಬ ಇಡೀ ದೇಶದ ಯೋಜನೆಯೇ 1980ರ ದಶಕದ ಬಳ್ಳಾರಿಯ ಪ್ರಯೋಗದಿಂದ ಹುಟ್ಟಿದ್ದು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ಮಾನಸಿಕ ಆರೋಗ್ಯ ಶಿಬಿರ ನಡೆಸುವ ವ್ಯವಸ್ಥೆಯಿದೆ; ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯರ ಬಳಿ ಕೇಳಿದರೆ ತಿಳಿಯುತ್ತದೆ.

ಹೆಜ್ಜೆ 2: ದೇಹದ ತಪಾಸಣೆ ಮತ್ತು ಮಾತ್ರೆಗಳ ಲೆಕ್ಕ

ಥೈರಾಯ್ಡ್ ಕೊರತೆ, ರಕ್ತಹೀನತೆ, ಬಿ12 ವಿಟಮಿನ್ ಕೊರತೆ ಇವೆಲ್ಲವೂ ಖಿನ್ನತೆಯ ವೇಷದಲ್ಲೇ ಬರುತ್ತವೆ. ಹಿಮೋಗ್ಲೋಬಿನ್ ತೀರಾ ಕಡಿಮೆ ಇರುವ ಹೆಣ್ಣುಮಗಳಿಗೆ ಬಿರುಸು ನಡಿಗೆ ಹೇಳಿದರೆ ಅವಳು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತಾಳೆ, ಮನೆಯವರು ಅದನ್ನು ಸೋಮಾರಿತನ ಎನ್ನುತ್ತಾರೆ. ಆದ್ದರಿಂದ ಆರಂಭಕ್ಕೆ ಮೊದಲು ಈ ರಕ್ತಪರೀಕ್ಷೆಗಳು ಆಗಿರಲಿ. ಎದೆನೋವು, ಹೃದ್ರೋಗ, ಹತೋಟಿಗೆ ಬಾರದ ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆ, ಮಂಡಿನೋವು ಇರುವವರು, ಗರ್ಭಿಣಿಯರು ಮತ್ತು ಬಾಣಂತಿಯರು ಎಷ್ಟು ಮಾಡಬಹುದೆಂದು ವೈದ್ಯರಲ್ಲಿ ಕೇಳಿಯೇ ಆರಂಭಿಸಬೇಕು.

ಮಾತ್ರೆ ಸೇವಿಸುತ್ತಿರುವವರು ಕೆಲವು ಸಂಗತಿಗಳನ್ನು ತಿಳಿದಿರಬೇಕು. ಮಿರ್ಟಾಜಪಿನ್‌ನಂಥ ಮಾತ್ರೆಗಳಿಂದ ಬೆಳಿಗ್ಗೆ ಮಂಪರು ಉಳಿದಿರಬಹುದು. ಹಾಗಿದ್ದರೆ ನಸುಕಿನಲ್ಲಿ ರಸ್ತೆಗೆ ಇಳಿಯಬೇಡಿ. ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಮಾತ್ರೆಗಳಲ್ಲಿ ಥಟ್ಟನೆ ಎದ್ದರೆ ಕಣ್ಣು ಕತ್ತಲಿಡಬಹುದು. ಎದ್ದು ಒಂದು ನಿಮಿಷ ನಿಂತು ಆಮೇಲೆ ಹೆಜ್ಜೆ ಹಾಕಬೇಕು. ಲಿಥಿಯಂ ಸೇವಿಸುವವರು ಬಿಸಿಲಿನಲ್ಲಿ ಬೆವರು ಹರಿಸಿ ನೀರು ಕುಡಿಯದಿದ್ದರೆ ರಕ್ತದಲ್ಲಿ ಅದರ ಮಟ್ಟ ಅಪಾಯಕಾರಿಯಾಗಿ ಏರಬಹುದು. ವ್ಯಾಯಾಮದ ಮೈನೋವಿಗೆಂದು ಮೆಡಿಕಲ್ ಶಾಪಿನಿಂದ ತಾವಾಗಿ ನೋವಿನ ಮಾತ್ರೆ ತಂದು ನುಂಗುವುದೂ ಅವರಿಗೆ ಅಷ್ಟೇ ಅಪಾಯ. ಪ್ರೊಪ್ರನೊಲಾಲ್ ತೆಗೆದುಕೊಳ್ಳುವವರ ನಾಡಿಬಡಿತ ವ್ಯಾಯಾಮದಲ್ಲೂ ಹೆಚ್ಚು ಏರುವುದಿಲ್ಲ, ಆದ್ದರಿಂದ ಕೈಗಡಿಯಾರ ತೋರಿಸುವ ಅಂಕಿಯನ್ನು ಅವರು ನೆಚ್ಚಬಾರದು. ವ್ಯಾಯಾಮ ಶುರುವಾಯಿತೆಂದು ಯಾವ ಮಾತ್ರೆಯನ್ನೂ ತಾವಾಗಿ ನಿಲ್ಲಿಸುವಂತಿಲ್ಲ.

ಹೆಜ್ಜೆ 3: ಹೊತ್ತು, ಜಾಗ, ಜೊತೆ

ಮೂರರಲ್ಲಿ ಹೊತ್ತಿನದೇ ದೊಡ್ಡ ತೊಡಕು. ಬೆಳಗಿನ ಜಾವದ ವ್ಯಾಯಾಮವೇ ಶ್ರೇಷ್ಠ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ಖಿನ್ನತೆಯಿರುವ ಅನೇಕರಿಗೆ ದಿನದಲ್ಲಿ ಅತಿ ಕೆಟ್ಟ ಗಳಿಗೆಯೇ ಬೆಳಗಿನದು. ಮೂರೋ ನಾಲ್ಕೋ ಗಂಟೆಗೆ ಎಚ್ಚರವಾಗಿ, ಬೆಳಕು ಹರಿಯುವ ಹೊತ್ತಿಗೆ ಮೈಮನಸ್ಸು ಸೀಸದಷ್ಟು ಭಾರವಾಗಿರುತ್ತದೆ, ಸಂಜೆಯಾಗುತ್ತ ಸ್ವಲ್ಪ ಹಗುರಾಗುತ್ತದೆ. ಅಂಥವರಿಗೆ ಐದು ಗಂಟೆಗೆ ಅಲಾರಂ ಇಡುವುದೆಂದರೆ ಪ್ರತಿದಿನವೂ ಸೋಲಿನಿಂದಲೇ ದಿನ ಆರಂಭಿಸುವಂತೆ ಮಾಡುವುದು. ನಿಮಗೆ ದಿನದ ಯಾವ ಹೊತ್ತು ಕೊಂಚ ಹಗುರೆನಿಸುತ್ತದೆ ಎಂದು ಮೂರು ನಾಲ್ಕು ದಿನ ಗಮನಿಸಿ, ಅದನ್ನೇ ಆರಿಸಿಕೊಳ್ಳಿ. ಸಂಜೆ ಐದೂವರೆಯಾದರೆ ಐದೂವರೆ.

ಹೊತ್ತು ಗೊತ್ತಾದ ಮೇಲೆ ಮನಸ್ಸನ್ನು ಕೇಳುವಂತಿಲ್ಲ. ಖಿನ್ನತೆಯಲ್ಲಿ ‘ಮನಸ್ಸಾದಾಗ ಹೋಗೋಣ’ ಎಂದು ಕೂತರೆ ಆ ಗಳಿಗೆ ಬರುವುದೇ ಇಲ್ಲ, ಏಕೆಂದರೆ ಮನಸ್ಸಾಗದಿರುವುದೇ ರೋಗದ ಲಕ್ಷಣ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ತರಬೇತಿ ಪಡೆದ ಸ್ಥಳೀಯ ಸಾಮಾನ್ಯ ಸಲಹೆಗಾರರೇ ಆರೆಂಟು ಭೇಟಿಗಳಲ್ಲಿ ಕೊಟ್ಟ ಚಿಕಿತ್ಸೆಯೊಂದು ಸಾಕಷ್ಟು ತೀವ್ರ ಖಿನ್ನತೆಯಲ್ಲೂ ಫಲ ಕೊಟ್ಟಿತೆಂದು 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿಯಾಯಿತು. ಅದರ ತಿರುಳೂ ಇದೇ: ಚಟುವಟಿಕೆಯನ್ನು ಮನಸ್ಥಿತಿಗೆ ಕಟ್ಟಬೇಡಿ, ವೇಳಾಪಟ್ಟಿಗೆ ಕಟ್ಟಿ.

ಜಾಗ ಹತ್ತಿರವಿದ್ದಷ್ಟೂ ಒಳ್ಳೆಯದು. ಆಟೊ ಹಿಡಿದು ಹೋಗಬೇಕಾದ ಪಾರ್ಕಿಗಿಂತ ಮನೆಯ ಮುಂದಿನ ರಸ್ತೆ ಮೇಲು. ಜಿಮ್ಮಿಗೆ ವರ್ಷದ ಶುಲ್ಕ ಒಟ್ಟಿಗೆ ಕಟ್ಟಿ ಶುರುಮಾಡುವುದನ್ನು ಈ ಸ್ಥಿತಿಯಲ್ಲಿ ನಾನಂತೂ ಹೇಳಲಾರೆ. ಹೋಗಲಾಗದ ಪ್ರತಿ ದಿನವೂ ದುಡ್ಡು ಹಾಳಾಯಿತೆಂಬ ಕೊರಗು ಬೇರೆ ಸೇರುತ್ತದೆ. ಮಲೆನಾಡು, ಕರಾವಳಿಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ನಡಿಗೆಯನ್ನು ನೆಚ್ಚುವಂತಿಲ್ಲ. ಜಗಲಿಯಲ್ಲಿ ಹಿಂದೆ ಮುಂದೆ ನಡೆಯುವುದು, ಮೆಟ್ಟಿಲು ಹತ್ತಿ ಇಳಿಯುವುದು, ನಿಂತಲ್ಲೇ ಹೆಜ್ಜೆ ಹಾಕುವುದು ಇವನ್ನು ಮಳೆಗಾಲದ ಕ್ರಮವೆಂದು ಮೊದಲೇ ಬರೆದಿಟ್ಟುಕೊಳ್ಳಿ. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಬಿಸಿಲಿಳಿಯುವ ತನಕ ಕಾಯಲೇಬೇಕು. ಅಲ್ಲಿ ಪಡಸಾಲೆಯೇ ಪಾರ್ಕು.

ಜೊತೆಗೆ ಒಬ್ಬರು ಬೇಕು, ಆದರೆ ಯಾರು ಎಂಬುದನ್ನು ರೋಗಿಯೇ ಆರಿಸಲಿ. ದಾರಿಯುದ್ದಕ್ಕೂ ಬುದ್ಧಿ ಹೇಳುವ ಭಾವನಿಗಿಂತ ಸುಮ್ಮನೆ ಪಕ್ಕದಲ್ಲಿ ನಡೆಯುವ ನೆರೆಮನೆಯವರು ವಾಸಿ. ಮನೆಯಲ್ಲಿ ಯಾರೂ ಬಿಡುವಾಗಿಲ್ಲದಿದ್ದರೆ, ಹೊರಡುವಾಗೊಮ್ಮೆ ಬಂದ ಮೇಲೊಮ್ಮೆ ಫೋನು ಮಾಡಿ ಹೇಳುವುದಕ್ಕೆ ಒಬ್ಬರನ್ನು ಗೊತ್ತುಮಾಡಿಕೊಳ್ಳಿ. ಒಬ್ಬಂಟಿಯಾಗಿ ಕತ್ತಲಲ್ಲಿ ಹೋಗುವುದು ಹೆಣ್ಣುಮಕ್ಕಳಿಗೆ ಎಷ್ಟೋ ಊರುಗಳಲ್ಲಿ ಸುರಕ್ಷಿತವಲ್ಲ, ‘ಎಲ್ಲಿಗೆ ಹೊರಟೆ’ ಎಂಬ ಓಣಿಯ ಪ್ರಶ್ನೆಗಳೂ ತಪ್ಪುವುದಿಲ್ಲ. ಅವರಿಗೆ ಸ್ವಸಹಾಯ ಸಂಘದ ಗೆಳತಿಯರ ಜೊತೆ, ಇಲ್ಲವೇ ಮನೆಯ ತಾರಸಿಯ ಮೇಲೆ ಮಾಡುವುದು ಹೊಂದುತ್ತದೆ.

ಹೆಜ್ಜೆ 4: ಮೊದಲ ಎರಡು ವಾರ

ಮೊದಲ ಎರಡು ವಾರಗಳ ಗುರಿ ಐದರಿಂದ ಹತ್ತು ನಿಮಿಷ, ಪ್ರತಿದಿನ, ಯಾವ ವೇಗದಲ್ಲಾದರೂ ಸರಿ. ಇದನ್ನು ಇನ್ನೂ ಸಣ್ಣದಾಗಿ ಒಡೆಯಬಹುದು. ಚಪ್ಪಲಿ ಬಾಗಿಲ ಬಳಿ, ಬಟ್ಟೆ ಹಿಂದಿನ ದಿನವೇ ಕುರ್ಚಿಯ ಮೇಲೆ. ಸಂಜೆ ಐದೂವರೆಗೆ ಎದ್ದು ಮುಖ ತೊಳೆದುಕೊಳ್ಳುವುದು ಒಂದು ಕೆಲಸ. ಚಪ್ಪಲಿ ಮೆಟ್ಟುವುದು ಒಂದು ಕೆಲಸ. ಗೇಟಿನವರೆಗೆ ಹೋಗುವುದು ಇನ್ನೊಂದು. ಅಲ್ಲಿಗೂ ಸಾಕೆನಿಸಿದರೆ ವಾಪಸು ಬನ್ನಿ, ಆ ದಿನದ ಲೆಕ್ಕಕ್ಕೆ ಅದೂ ಸೇರುತ್ತದೆ. ಮರುದಿನ ನಂದಿನಿ ಬೂತಿನವರೆಗೆ ಹೋಗಿ ಒಂದು ಪ್ಯಾಕೆಟ್ ಹಾಲು ತನ್ನಿ.

ಜೊತೆಗಿರುವವರು ಮಾತನಾಡುವ ಬಗೆಯಿಂದ ಇಲ್ಲಿ ಬಹಳ ವ್ಯತ್ಯಾಸವಾಗುತ್ತದೆ. ‘ಅತ್ತಿಗೆ, ನೀವು ಪ್ರಯತ್ನಾನೇ ಮಾಡ್ತಿಲ್ಲ’ ಎಂದರೆ ಅವರು ಗೋಡೆಯ ಕಡೆಗೆ ತಿರುಗಿ ಮಲಗುತ್ತಾರೆ. ‘ಅತ್ತಿಗೆ, ನಾನು ಹಾಲು ತರೋಕೆ ಹೊರಟೆ, ಮೂಲೆಮನೆ ತನಕ ಜೊತೆಗೆ ಬನ್ನಿ, ಮಾತಾಡೋದೇನೂ ಬೇಡ’ ಎಂದು ಚಪ್ಪಲಿ ತಂದು ಮುಂದಿಟ್ಟರೆ ಎದ್ದರೂ ಎದ್ದಾರು. ಎರಡನೆಯ ಮಾತಿನಲ್ಲಿ ದೂರ ಗೊತ್ತಿದೆ, ಹೊತ್ತು ಗೊತ್ತಿದೆ, ಜೊತೆಯಿದೆ, ನಗುಮುಖ ತೋರಿಸಬೇಕೆಂಬ ಒತ್ತಾಯವಿಲ್ಲ. ಒಲ್ಲೆ ಎಂದರೆ ಒಂದು ಸಲ ಮಾತ್ರ ಮತ್ತೆ ಕೇಳಿ ಬಿಟ್ಟುಬಿಡಿ; ನಾಳೆ ಅದೇ ಹೊತ್ತಿಗೆ ಮತ್ತೆ ಕೇಳಿದರಾಯಿತು.

ಈ ಐದು ನಿಮಿಷದಿಂದಲೇ ಖಿನ್ನತೆ ಕಡಿಮೆಯಾಗುತ್ತದೆಂದು ನಂಬಿಸಿಕೊಳ್ಳುವುದು ಬೇಡ. ಮನೆಯಿಂದ ಹೊರಗೆ ಬೀಳುವ ಅಭ್ಯಾಸ ಮೈಗೆ ಹತ್ತಲಿ ಎಂಬುದಷ್ಟೇ ಉದ್ದೇಶ. ಮೊದಮೊದಲು ಎದೆ ಬಡಿದುಕೊಳ್ಳುವುದು, ಉಸಿರು ಜೋರಾಗುವುದು ಕಂಡು ಗಾಬರಿಯಾಗುವವರೂ ಇದ್ದಾರೆ, ಏಕೆಂದರೆ ಆತಂಕದ ಲಕ್ಷಣಗಳೂ ಹೀಗೇ ಇರುತ್ತವೆ. ವೇಗ ತಗ್ಗಿಸಿದರೆ ಕೆಲವೇ ನಿಮಿಷಗಳಲ್ಲಿ ಅದು ಇಳಿಯುತ್ತದೆ. ಎದೆಯಲ್ಲಿ ಹಿಂಡಿದಂಥ ನೋವು, ಎಡಗೈಗೋ ದವಡೆಗೋ ಹರಿಯುವ ನೋವು, ತಲೆಸುತ್ತು ಬಂದರೆ ಮಾತ್ರ ಅಲ್ಲಿಗೇ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು.

ಹೆಜ್ಜೆ 5: ಚಿಕಿತ್ಸೆಯ ಪ್ರಮಾಣಕ್ಕೆ ಏರುವುದು

ಮೂರನೆಯ ವಾರದಿಂದ ಪ್ರಮಾಣದ ಮಾತು ಬರುತ್ತದೆ. ಅಮೆರಿಕದಲ್ಲಿ 80 ಮಂದಿಯ ಮೇಲೆ 12 ವಾರ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಪರೀಕ್ಷಿಸಿತು. ಸಾರ್ವಜನಿಕ ಆರೋಗ್ಯದ ಶಿಫಾರಸಿನಷ್ಟು ವ್ಯಾಯಾಮ ಮಾಡಿದವರಲ್ಲಿ ಖಿನ್ನತೆಯ ಅಂಕ ಶೇ. 47ರಷ್ಟು ಇಳಿಯಿತು, ಅದರ ಅರ್ಧಕ್ಕಿಂತ ಕಡಿಮೆ ಮಾಡಿದವರಲ್ಲಿ ಶೇ. 30ರಷ್ಟು, ಬರೀ ಮೈ ಚಾಚುವ ವ್ಯಾಯಾಮ ಮಾಡಿದವರಲ್ಲಿ ಶೇ. 29ರಷ್ಟು. ಅಂದರೆ ಕಡಿಮೆ ಪ್ರಮಾಣಕ್ಕೂ ಹೆಸರಿಗೆ ಮಾಡಿದ ವ್ಯಾಯಾಮಕ್ಕೂ ಹೆಚ್ಚಿನ ಭೇದವಿರಲಿಲ್ಲ. ವಾರದ ಒಟ್ಟು ಪ್ರಮಾಣವನ್ನು ಮೂರು ದಿನದಲ್ಲಿ ಮುಗಿಸಿದರೋ ಐದು ದಿನಕ್ಕೆ ಹಂಚಿದರೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ ಎಂಬುದು ಸಮಾಧಾನದ ಸಂಗತಿ. ಪಾಳಿಯ ಕೆಲಸದವರು, ಬಸ್ಸು ಹಿಡಿದು ದೂರ ಹೋಗುವವರು ತಮಗೆ ಹೊಂದುವಂತೆ ಹಂಚಿಕೊಳ್ಳಬಹುದು.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ, ಅದರ ಜೊತೆ ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮ ಬೇಕು. ಅಲ್ಲಿಗೆ ತಲುಪಲು ಮೂರು ಮತ್ತು ನಾಲ್ಕನೆಯ ವಾರಗಳಲ್ಲಿ 15ರಿಂದ 20 ನಿಮಿಷ, ವಾರಕ್ಕೆ ನಾಲ್ಕೈದು ದಿನ. ಐದರಿಂದ ಎಂಟನೆಯ ವಾರದವರೆಗೆ 30 ನಿಮಿಷ, ಅದೂ ಬಿರುಸಾಗಿ. ಒಂಬತ್ತನೆಯ ವಾರದಿಂದ ಅಷ್ಟೇ ದಿನಗಳನ್ನು ಉಳಿಸಿಕೊಂಡು, ಹೊತ್ತನ್ನು 40 ನಿಮಿಷಕ್ಕೆ ಏರಿಸಿ, ಎರಡು ದಿನ ಸ್ನಾಯುಬಲದ ವ್ಯಾಯಾಮ ಸೇರಿಸಿ. ಬಿರುಸು ಎಂದರೆ ಎಷ್ಟು ಎಂಬುದಕ್ಕೆ ಯಂತ್ರ ಬೇಡ: ಪಕ್ಕದವರೊಡನೆ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಎರಡು ಮೂರು ಪದಕ್ಕೇ ಉಸಿರು ಕಟ್ಟಿದರೆ ವೇಗ ಹೆಚ್ಚಾಯಿತು. ಭಜನೆ ಹೇಳಿಕೊಂಡು ಹಾಯಾಗಿ ಹೋಗುತ್ತಿದ್ದರೆ ಕಡಿಮೆಯಾಯಿತು.

ಸ್ನಾಯುಬಲದ ವ್ಯಾಯಾಮ ಎಂದೊಡನೆ ಡಂಬೆಲ್ಸ್ ನೆನಪಾಗಬೇಕಿಲ್ಲ. ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಎರಡೂ ಅಂಗೈ ಒತ್ತಿ ದಂಡ ತೆಗೆಯುವುದು, ಮಂಡಿ ಸರಿಯಿದ್ದರೆ ಬಸ್ಕಿ, ಒಂದು ಲೀಟರಿನ ನೀರಿನ ಬಾಟಲಿ ಹಿಡಿದು ಕೈ ಮಡಿಸಿ ಚಾಚುವುದು, ಇವು ಒಂದೊಂದನ್ನೂ ಎಂಟರಿಂದ ಹನ್ನೆರಡು ಸಲ, ನಡುವೆ ದಣಿವಾರಿಸಿಕೊಂಡು ಎರಡು ಸುತ್ತು ಮಾಡಿದರೆ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಮೇಲೆ ಹೇಳಿದ 2024ರ ವಿಶ್ಲೇಷಣೆಯಲ್ಲಿ ಜನ ನಡುವೆ ಬಿಟ್ಟುಹೋಗದೆ ಮುಂದುವರಿಸಿದ್ದು ಸ್ನಾಯುಬಲದ ವ್ಯಾಯಾಮ ಮತ್ತು ಯೋಗವನ್ನೇ. ಸ್ನಾಯುಬಲದ ವ್ಯಾಯಾಮ ಹೆಂಗಸರಿಗೆ, ಯೋಗ ಗಂಡಸರಿಗೆ ಹೆಚ್ಚು ಫಲ ಕೊಟ್ಟಂತೆಯೂ ಅದರಲ್ಲಿ ಕಂಡುಬಂದಿದೆ. ನಮ್ಮಲ್ಲಿ ಹಂಚಿಕೆ ಇದಕ್ಕೆ ತದ್ವಿರುದ್ಧವಾಗಿರುವುದು ಸ್ವಾರಸ್ಯ.

ಯೋಗಕ್ಕೆ ಸಂಬಂಧಿಸಿ ನಿಮ್ಹಾನ್ಸ್‌ನಲ್ಲಿ ವರ್ಷಗಳಿಂದ ಕೆಲಸ ನಡೆದಿದೆ. ಅಲ್ಲಿನ ಹೊರರೋಗಿಗಳಲ್ಲಿ ಖಿನ್ನತೆಯ ಮೇಲೆ ಯೋಗದ ಪರಿಣಾಮವನ್ನು ಬಿಡಿಎನ್‌ಎಫ್ ಮತ್ತು ಕಾರ್ಟಿಸಾಲ್ ಮಟ್ಟಗಳ ಜೊತೆಗಿಟ್ಟು ನೋಡಿದ ವರದಿಗಳು 2013ರಲ್ಲಿ ಪ್ರಕಟವಾಗಿವೆ. ಯೋಗವನ್ನೇ ಆರಿಸಿಕೊಂಡವರು ವಾರಕ್ಕೆ ಕೆಲವು ದಿನವಾದರೂ ಕಲಿಸುವವರ ಎದುರಿಗೆ ಮಾಡುವುದು ಒಳ್ಳೆಯದು. ಸೂರ್ಯನಮಸ್ಕಾರವನ್ನು ಮೊದಲು ಎರಡು ಮೂರು ಸುತ್ತಿಗೆ ನಿಲ್ಲಿಸಿ ನಿಧಾನವಾಗಿ ಹೆಚ್ಚಿಸಿಕೊಳ್ಳಿ. ಕಪಾಲಭಾತಿಯಂಥ ವೇಗದ ಉಸಿರಾಟದ ಅಭ್ಯಾಸಗಳು ಗಾಬರಿಯ ಸ್ವಭಾವದವರಲ್ಲಿ ಗಾಬರಿಯನ್ನು ಕೆರಳಿಸಬಹುದು; ಅವರಿಗೆ ಆಸನಗಳು ಮತ್ತು ನಿಧಾನದ ಉಸಿರಾಟ ಸಾಕು. ಕಣ್ಣು ಮುಚ್ಚಿ ಬಹಳ ಹೊತ್ತು ಕೂತರೆ ಕೆಟ್ಟ ಯೋಚನೆಗಳೇ ಸುತ್ತುತ್ತವೆ ಎನ್ನುವವರು ಧ್ಯಾನವನ್ನು ಸದ್ಯಕ್ಕೆ ಬದಿಗಿಟ್ಟು ಮೈ ಆಡಿಸುವುದಕ್ಕೆ ಗಮನ ಕೊಡಲಿ.

‘ಮನೆಗೆಲಸ ಮಾಡ್ತೀನಲ್ಲ, ಅದೇ ವ್ಯಾಯಾಮ ಅಲ್ವಾ?’ ಎಂಬ ಪ್ರಶ್ನೆಗೆ ಇಲ್ಲೇ ಉತ್ತರಿಸಬೇಕು. ನೆಲ ಒರೆಸುವುದರಲ್ಲೂ ಕಳೆ ಕೀಳುವುದರಲ್ಲೂ ಶ್ರಮವಿದೆ, ಹೃದಯಕ್ಕೆ ಅದರ ಪ್ರಯೋಜನವೂ ಇದೆ. ಆದರೆ ಮನಸ್ಸಿನ ಮಟ್ಟಿಗೆ, ಬಿಡುವಿನ ವೇಳೆಯಲ್ಲಿ ತಾನಾಗಿ ಆರಿಸಿಕೊಂಡು ಮಾಡುವ ಚಟುವಟಿಕೆಗೂ ಖಿನ್ನತೆ ಕಡಿಮೆಯಿರುವುದಕ್ಕೂ ಅಧ್ಯಯನಗಳಲ್ಲಿ ಕಂಡ ನಂಟು ಮನೆಗೆಲಸದಲ್ಲಿ ಅಥವಾ ದುಡಿಮೆಯಲ್ಲಿ ಕಂಡಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಯಾರದೋ ಊಟದ ಹೊತ್ತಿಗೆ ಓಡಬೇಕಾದ ಕೆಲಸದಲ್ಲಿ ಮೈ ದಣಿಯುತ್ತದೆ, ಮನಸ್ಸಿಗೆ ಬಿಡುವು ಸಿಗುವುದಿಲ್ಲ. ಆದ್ದರಿಂದ ಮನೆಯವರು ಆ ಅರ್ಧ ಗಂಟೆಯ ಕೆಲಸವನ್ನು ತಾವು ವಹಿಸಿಕೊಂಡು ಅವಳನ್ನು ಹೊರಗೆ ಕಳಿಸಬೇಕು. ಕೆಲಸವೆಲ್ಲ ಮುಗಿದ ಮೇಲೆ ವಾಕಿಂಗ್ ಮಾಡು ಎಂದರೆ ಅದು ಇನ್ನೊಂದು ಚಾಕರಿಯಾಗುತ್ತದೆ.

ಹೆಜ್ಜೆ 6: ಬರೆದಿಡುವುದು, ತಪ್ಪಿದ ದಿನಗಳು

ಗೋಡೆಯ ಕ್ಯಾಲೆಂಡರಿನ ಆಯಾ ದಿನದ ಮನೆಯಲ್ಲಿ ಮೂರು ಸಂಖ್ಯೆ ಬರೆಯಿರಿ: ಎಷ್ಟು ನಿಮಿಷ, ಹೊರಡುವ ಮೊದಲು ಮನಸ್ಸು ಹತ್ತಕ್ಕೆ ಎಷ್ಟಿತ್ತು, ಬಂದ ಮೇಲೆ ಎಷ್ಟು. ಖಿನ್ನತೆಯಲ್ಲಿ ನೆನಪು ಕೆಟ್ಟದ್ದನ್ನೇ ಹಿಡಿದಿಟ್ಟುಕೊಳ್ಳುತ್ತದೆ, ‘ಏನು ಮಾಡಿದರೂ ಒಂದೇ’ ಎನಿಸುತ್ತದೆ. 3 ಇದ್ದದ್ದು 4 ಆಗಿತ್ತು ಎಂದು ಹಾಳೆಯ ಮೇಲಿದ್ದರೆ ಆ ಮಾತಿಗೆ ಎದುರಾಗಿ ಏನೋ ಒಂದು ಇದ್ದಂತಾಗುತ್ತದೆ. ಪಿಎಚ್‌ಕ್ಯು-9 ಅಂಕವನ್ನು ಎರಡು ವಾರಕ್ಕೊಮ್ಮೆ ನೋಡಿದರೆ ಸಾಕು. ಮೊಬೈಲಿನ ಹೆಜ್ಜೆಲೆಕ್ಕ, ಹತ್ತು ಸಾವಿರದ ಗುರಿ ಇವುಗಳ ಗೊಡವೆ ಈಗ ಬೇಡ.

ದಿನಗಳು ತಪ್ಪುತ್ತವೆ, ಹಬ್ಬ, ನೆಂಟರು, ಜ್ವರ, ಇಲ್ಲವೇ ಏಳಲಾಗದ ದಿನ. ಒಂದು ವಾರ ತಪ್ಪಿದರೆ ನಿಲ್ಲಿಸಿದ ಜಾಗಕ್ಕಿಂತ ಒಂದು ಮೆಟ್ಟಿಲು ಕೆಳಗಿನಿಂದ ಆರಂಭಿಸಿ: 30 ನಿಮಿಷ ಮಾಡುತ್ತಿದ್ದವರು 15ರಿಂದ. ತಪ್ಪಿದ್ದನ್ನು ತುಂಬಿಕೊಡಲು ಮರುದಿನ ಎರಡರಷ್ಟು ಮಾಡಬೇಡಿ. ಜೊತೆಗೆ ನಡೆಯುವವರು ಸೋಲದಂತೆ ನೋಡಿಕೊಳ್ಳುವುದೂ ಮುಖ್ಯ. ಅವರಿಗೂ ಇದರಿಂದ ನಷ್ಟವಿಲ್ಲ: ನಾರ್ವೆಯಲ್ಲಿ 33,908 ವಯಸ್ಕರನ್ನು 11 ವರ್ಷ ಗಮನಿಸಿದ ಅಧ್ಯಯನದ ಲೆಕ್ಕಾಚಾರದಂತೆ, ಎಲ್ಲರೂ ವಾರಕ್ಕೆ ಒಂದು ಗಂಟೆಯಾದರೂ ವ್ಯಾಯಾಮ ಮಾಡಿದ್ದರೆ ಮುಂದೆ ಬಂದ ಖಿನ್ನತೆಯ ಪ್ರಕರಣಗಳಲ್ಲಿ ಶೇ. 12ರಷ್ಟನ್ನು ತಡೆಯಬಹುದಿತ್ತು.

ಹೆಜ್ಜೆ 7: ವೈದ್ಯರಲ್ಲಿಗೆ ಮತ್ತೆ ಹೋಗುವಾಗ

ಆರು ವಾರ ನಿಯಮವಾಗಿ ಮಾಡಿಯೂ ಅಂಕ ಕದಲದಿದ್ದರೆ ಹನ್ನೆರಡನೆಯ ವಾರದವರೆಗೆ ಕಾಯಬೇಡಿ. ಆಪ್ತಸಮಾಲೋಚನೆಯನ್ನೋ ಮಾತ್ರೆಯನ್ನೋ ಸೇರಿಸುವ ಮಾತನ್ನು ವೈದ್ಯರೊಡನೆ ಆಡಿ. ಮಾತ್ರೆ ಬೇಕಾಯಿತೆಂದರೆ ವ್ಯಾಯಾಮ ಸೋತಿತೆಂದಲ್ಲ, ಎರಡೂ ಜೊತೆಯಾಗಿ ಹೋಗುತ್ತವೆ. ಇದ್ದಕ್ಕಿದ್ದಂತೆ ಉತ್ಸಾಹ ಉಕ್ಕಿ, ಮೂರು ಗಂಟೆ ನಿದ್ದೆಯೂ ಸಾಕೆನಿಸಿ, ದಿನಕ್ಕೆರಡು ಸಲ ಓಡುತ್ತ, ಬಿಡುವಿಲ್ಲದೆ ಮಾತನಾಡುತ್ತ, ಕಂಡಾಬಟ್ಟೆ ಖರ್ಚು ಮಾಡತೊಡಗಿದರೆ ಅದನ್ನು ಗುಣವೆಂದು ಸಂಭ್ರಮಿಸದೆ ಕೂಡಲೇ ವೈದ್ಯರಿಗೆ ತಿಳಿಸಬೇಕು, ಅದು ಉನ್ಮಾದದ ಆರಂಭವಿರಬಹುದು. ಊಟ ಬಿಟ್ಟು ವ್ಯಾಯಾಮ ಮಾಡುವುದು, ಒಂದು ದಿನ ತಪ್ಪಿದರೂ ತನ್ನನ್ನು ತಾನೇ ಶಿಕ್ಷಿಸಿಕೊಳ್ಳುವುದು ಕಂಡರೂ ಹಾಗೆಯೇ.

ಗುಣವಾದ ಮೇಲೂ ಮಾತ್ರೆಯನ್ನು ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಲು ವೈದ್ಯರು ಹೇಳುತ್ತಾರೆ, ಆಮೇಲೂ ನಿಧಾನವಾಗಿಯೇ ಇಳಿಸುತ್ತಾರೆ. ವ್ಯಾಯಾಮಕ್ಕೆ ಅಂಥ ಮುಕ್ತಾಯವಿಲ್ಲ. ಡ್ಯೂಕ್ ಅಧ್ಯಯನದವರನ್ನು ಹತ್ತನೆಯ ತಿಂಗಳಲ್ಲಿ ಮತ್ತೆ ನೋಡಿದಾಗ, ಗುಣವಾದವರ ಪೈಕಿ ಬರೀ ವ್ಯಾಯಾಮದ ಗುಂಪಿನಲ್ಲಿದ್ದವರಿಗೆ ಖಿನ್ನತೆ ಮರುಕಳಿಸಿದ್ದು ಮಾತ್ರೆಯ ಗುಂಪಿನವರಿಗಿಂತ ಕಡಿಮೆ. ತಾವಾಗಿ ವ್ಯಾಯಾಮ ಮುಂದುವರಿಸಿದವರಿಗೆ ರಕ್ಷಣೆ ಹೆಚ್ಚಿತ್ತು. ಹನ್ನೆರಡು ವಾರ ಮುಗಿದ ಮೇಲೆ ಬ್ಯಾಡ್ಮಿಂಟನ್, ಈಜು, ಸೈಕಲ್ ಹೀಗೆ ಬೇಕಾದ್ದಕ್ಕೆ ಬದಲಾಯಿಸಿಕೊಳ್ಳಬಹುದು. ಖಿನ್ನತೆ ಮರಳುತ್ತಿದೆ ಎಂಬುದಕ್ಕೆ ಪ್ರತಿಯೊಬ್ಬರಲ್ಲೂ ಒಂದೆರಡು ಮುನ್ಸೂಚನೆ ಇರುತ್ತದೆ: ಕೆಲವರಿಗೆ ನಸುಕಿನ ಎಚ್ಚರ, ಕೆಲವರಿಗೆ ಫೋನು ಎತ್ತದಿರುವುದು, ಕೆಲವರಿಗೆ ಸ್ನಾನ ಮುಂದೂಡುವುದು. ನಿಮ್ಮವು ಯಾವುವು ಎಂದು ಗುಣವಾಗಿರುವಾಗಲೇ ಬರೆದು, ಆ ಚೀಟಿಯ ಒಂದು ಪ್ರತಿಯನ್ನು ಜೊತೆಗೆ ನಡೆಯುವವರ ಕೈಯಲ್ಲಿ ಕೊಟ್ಟಿರಿ. ಅದರಲ್ಲಿ ವೈದ್ಯರ ಫೋನ್ ನಂಬರೂ 14416ರ ಸಂಖ್ಯೆಯೂ ಇರಲಿ.